ಬೋರ್ಡಿನ ಮೇಲಿನ ಸಿಎಲ್ ನಂಬರ್: ಹೋಬಳಿ ಊರಲ್ಲಿ ಬಾರ್ ನಡೆಯುವ ಬಗೆ

ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯಂಥ ಹೋಬಳಿ ಊರುಗಳಲ್ಲಿ ಹೊಸ ಬಾರ್ ಬರುವ ಸುದ್ದಿ ಮೊದಲು ಹುಟ್ಟುವುದು ಟೀ ಅಂಗಡಿಯಲ್ಲಿ. ಯಾರದೋ ಮಳಿಗೆಗೆ ಅಡ್ವಾನ್ಸ್ ಕೊಟ್ಟಿದ್ದಾರಂತೆ, ಒಳಗೆ ಟೈಲ್ಸ್ ಹಾಕಿಸ್ತಿದ್ದಾರಂತೆ ಎಂಬ ಮಾತು ಓಡಾಡುತ್ತದೆ. ಬೋರ್ಡ್ ಏರುವ ಹೊತ್ತಿಗೆ ಊರು ಎರಡು ಪಾಲಾಗಿರುತ್ತದೆ. ಕೆಲವರು ಬೇಡವೇ ಬೇಡ ಎನ್ನುತ್ತಾರೆ. ಉಳಿದವರು, ಸರ್ಕಾರವೇ ಲೈಸೆನ್ಸ್ ಕೊಟ್ಟ ಮೇಲೆ ನಾವೇನು ಮಾಡೋಕಾಗುತ್ತೆ ಎಂದು ಸುಮ್ಮನಾಗುತ್ತಾರೆ. ಆ ಲೈಸೆನ್ಸ್ ಯಾವ ಬಗೆಯದು, ಅದಕ್ಕೆ ಅಂಟಿಕೊಂಡ ಷರತ್ತುಗಳೇನು ಎಂದು ಯಾರೂ ಕೇಳುವುದಿಲ್ಲ.

ಕೇಳಬೇಕು. ಸಣ್ಣ ಊರಲ್ಲಿ ಬಾರ್‌ನಿಂದ ಆಗುವ ತೊಂದರೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಹೆಚ್ಚಿನವು ಲೈಸೆನ್ಸ್ ಕೊಟ್ಟದ್ದರಿಂದ ಬಂದವಲ್ಲ, ಅದರ ಷರತ್ತನ್ನು ಯಾರೂ ಪಾಲಿಸದೆ ಇರುವುದರಿಂದ ಬಂದವು. ನೀವು ಕುಡಿಯುವವರಾಗಿರಲಿ, ಕುಡಿಯದವರಾಗಿರಲಿ, ಆ ಷರತ್ತುಗಳು ನಿಮಗೆ ಗೊತ್ತಿದ್ದರೆ ಒಳ್ಳೆಯದು.

ಮೊದಲು ಸ್ವಲ್ಪ ಹಿಂದಿನದು. ಹಳೆ ಮೈಸೂರು ರಾಜ್ಯದಲ್ಲಿ 1948ರಿಂದ ಹಂತಹಂತವಾಗಿ ಪಾನನಿಷೇಧ ಬಂದಿತ್ತು. ಪಾವಗಡ ತಾಲ್ಲೂಕನ್ನು ಸುತ್ತುವರಿದ ಅನಂತಪುರ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿಯೂ 1948ರ ಗಾಂಧಿ ಜಯಂತಿ ಹೊತ್ತಿಗೆ ಇಡೀ ಪ್ರಾಂತ್ಯದಲ್ಲಿ ಮದ್ಯ ನಿಂತಿತ್ತು. ಕಾಗದದ ಮೇಲೆ ನಿಂತಿತ್ತು ಎನ್ನುವುದು ಸರಿ, ಏಕೆಂದರೆ ಕಳ್ಳಭಟ್ಟಿ ನಿಲ್ಲಲಿಲ್ಲ, ಸರ್ಕಾರದ ವರಮಾನ ಮಾತ್ರ ನಿಂತಿತು. 1960ರ ದಶಕದ ಕೊನೆಗೆ ನಮ್ಮ ರಾಜ್ಯ ನಿಷೇಧವನ್ನು ಕೈಬಿಟ್ಟಿತು. ಇವತ್ತಿಗೂ ಎಲ್ಲ ಬಾರ್‌ಗಳು ನಡೆಯುವುದು ಆ ಹೊತ್ತಿನಲ್ಲಿ ಬಂದ ಕಾನೂನಿನ ಮೇಲೆ: 1965ರ ಅಬಕಾರಿ ಕಾಯ್ದೆ, ಅದರ ಕೆಳಗೆ 1967ರ ಸಾಮಾನ್ಯ ಷರತ್ತುಗಳ ನಿಯಮ ಮತ್ತು 1968ರ ಮದ್ಯ ಮಾರಾಟ ನಿಯಮ.

ಆಮೇಲೆ ಸಾರಾಯಿ ಅಂಗಡಿಗಳ ಕಾಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಕುಡಿತ ನಿಲ್ಲಲಿಲ್ಲ. ಸಾರಾಯಿ ಪ್ಯಾಕೆಟ್ ಇದ್ದ ಜಾಗಕ್ಕೆ ಅಗ್ಗದ ಬ್ರಾಂದಿ, ವಿಸ್ಕಿ, ರಮ್ಮಿನ 90 ಮತ್ತು 180 ಮಿಲಿಲೀಟರ್ ಪ್ಯಾಕೆಟ್ ಬಂದು ಕೂತಿತು. ಜನ ಇವತ್ತು ನೈಂಟಿ, ಕ್ವಾರ್ಟರ್ ಎನ್ನುವುದು ಇವನ್ನೇ.

ಈಗ ಬೋರ್ಡಿಗೆ ಬರೋಣ. ಮದ್ಯ ಮಾರುವ ಅಂಗಡಿಯ ಬೋರ್ಡಿನ ಮೇಲೆ ಹೆಸರಿನ ಜೊತೆ ಸಿಎಲ್ ಎಂದು ಒಂದು ನಂಬರ್ ಇರುತ್ತದೆ. ಅದು ಲೈಸೆನ್ಸಿನ ಬಗೆ. ನಮ್ಮ ಕಡೆ ಊರುಗಳಲ್ಲಿ ಕಣ್ಣಿಗೆ ಬೀಳುವುದು ನಾಲ್ಕು ಬಗೆ.

ಸಿಎಲ್-2 ಎಂದರೆ ವೈನ್ ಶಾಪ್, ನಮ್ಮವರ ಬಾಯಲ್ಲಿ ಬ್ರಾಂದಿ ಅಂಗಡಿ. ಸೀಲ್ ಒಡೆಯದ ಬಾಟಲಿ ಕೊಂಡು ಮನೆಗೆ ಹೋಗಬೇಕು. ಅಲ್ಲಿ ಕುಡಿಯುವಂತಿಲ್ಲ, ಲೋಟ ನೀರು ಕೊಡುವಂತಿಲ್ಲ, ಪಕ್ಕದ ಶೆಡ್ಡಿನಲ್ಲಿ ಬೆಂಚು ಹಾಕಿ ಕೂರಿಸುವಂತಿಲ್ಲ. ಬಾಟಲಿಯ ಮೇಲಿನ ಎಂಆರ್‌ಪಿ, ಅಂದರೆ ಮುದ್ರಿತ ಗರಿಷ್ಠ ಬೆಲೆ, ಅದಕ್ಕಿಂತ ಒಂದು ರೂಪಾಯಿ ಹೆಚ್ಚು ತೆಗೆದುಕೊಳ್ಳುವಂತಿಲ್ಲ.

ಸಿಎಲ್-11ಸಿ ಎಂದರೆ ಎಂಎಸ್‌ಐಎಲ್ ಮಳಿಗೆ. ಎಂಎಸ್‌ಐಎಲ್ ರಾಜ್ಯ ಸರ್ಕಾರದ್ದೇ ಕಂಪನಿ. ನಿಯಮ ವೈನ್ ಶಾಪಿನಂತೆಯೇ: ಎಂಆರ್‌ಪಿಗೆ ಮಾರಾಟ, ಅಲ್ಲಿ ಕುಡಿಯುವಂತಿಲ್ಲ.

ಸಿಎಲ್-9 ನಿಜವಾದ ಬಾರ್. ನಿಯಮದ ಭಾಷೆಯಲ್ಲಿ ಇದರ ಹೆಸರು ರಿಫ್ರೆಶ್‌ಮೆಂಟ್ ರೂಮ್, ಉಪಾಹಾರ ಕೊಠಡಿ. ಊಟ ತಿಂಡಿಯ ಜೊತೆ ಕೂತು ಕುಡಿಯುವ ಜಾಗ ಎನ್ನುವ ಲೆಕ್ಕ. ಬಡಿಸುವ ಖರ್ಚು ಸೇರಿಸಿ ಎಂಆರ್‌ಪಿಗಿಂತ ಹೆಚ್ಚು ದರ ಹಾಕಬಹುದು. ಆದರೆ ಬಾಟಲಿ ಪಾರ್ಸೆಲ್ ಕೊಡುವುದು ಈ ಲೈಸೆನ್ಸಿನ ಕೆಲಸವಲ್ಲ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಸಮಯದಲ್ಲಿ, ಬಾರ್‌ಗಳು ತಮ್ಮಲ್ಲಿದ್ದ ದಾಸ್ತಾನನ್ನು ಪಾರ್ಸೆಲ್ ಮಾರಲು ಸರ್ಕಾರ ಪ್ರತ್ಯೇಕ ಅನುಮತಿ ಕೊಡಬೇಕಾಯಿತು ಎಂಬುದೇ ಇದಕ್ಕೆ ಸಾಕ್ಷಿ.

ಸಿಎಲ್-7 ಹೋಟೆಲ್ ಮತ್ತು ಲಾಡ್ಜ್‌ಗೆ ಕೊಡುವಂಥದು. ಊರಿನ ಗಾತ್ರಕ್ಕೆ ತಕ್ಕಂತೆ ಇಂತಿಷ್ಟು ಬಾಡಿಗೆ ಕೋಣೆಗಳು ಇರಲೇಬೇಕು. ಕೋಣೆಗಳಿಗೆ ಸದಾ ಬೀಗ, ಕೆಳಗೆ ಬಾರ್ ಮಾತ್ರ ಭರ್ಜರಿ ಎಂದಾದರೆ ಅದು ಷರತ್ತಿನ ಉಲ್ಲಂಘನೆ.

ಇನ್ನೊಂದು ಲೈಸೆನ್ಸನ್ನು ಜನ ಮರೆತೇಬಿಟ್ಟಿದ್ದಾರೆ. ಅದು ಸಿಎಲ್-5, ಒಂದು ಹೊತ್ತಿನ ಸಮಾರಂಭಕ್ಕೆ ಕೊಡುವ ತಾತ್ಕಾಲಿಕ ಅನುಮತಿ. ಕಲ್ಯಾಣ ಮಂಟಪದಲ್ಲೋ ತೋಟದಲ್ಲೋ ಬೀಗರೂಟದ ದಿನ ನೆಂಟರಿಗೆ ಮದ್ಯ ಬಡಿಸಬೇಕೆಂದರೆ ಇದನ್ನು ಮೊದಲೇ ಪಡೆಯಬೇಕು.

ಲೈಸೆನ್ಸ್ ಎಲ್ಲಿಂದ ಬರುತ್ತದೆ?

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಹೊಸ ಸಿಎಲ್-2, ಹೊಸ ಸಿಎಲ್-9 ಕೊಡುವುದನ್ನು ಸರ್ಕಾರ 1990ರ ದಶಕದ ಆರಂಭದಲ್ಲೇ ನಿಲ್ಲಿಸಿತ್ತು. ಹಾಗಾದರೆ ನಮ್ಮೂರಿಗೆ ಹೊಸ ಬಾರ್ ಹೇಗೆ ಬಂತು ಎಂದು ನೀವು ಕೇಳಬಹುದು. ಬಹುಪಾಲು ಅದು ಹಳೆಯ ಲೈಸೆನ್ಸೇ. ಒಬ್ಬರ ಹೆಸರಿಂದ ಇನ್ನೊಬ್ಬರ ಹೆಸರಿಗೆ ವರ್ಗಾವಣೆಯಾಗಿ ಬಂದಿರುತ್ತದೆ, ಅಥವಾ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸ್ಥಳಾಂತರವಾಗಿ ಬಂದಿರುತ್ತದೆ. ಹೊಸದಾಗಿ ಸಿಗುತ್ತಿದ್ದದ್ದು ಲಾಡ್ಜ್‌ಗಳ ಸಿಎಲ್-7 ಮತ್ತು ಎಂಎಸ್‌ಐಎಲ್ ಮಳಿಗೆಗಳಂಥವು ಮಾತ್ರ. ಹಾಗಾಗಿಯೇ ಇರುವ ಲೈಸೆನ್ಸಿಗೆ ಕೈಯಿಂದ ಕೈಗೆ ದೊಡ್ಡ ಬೆಲೆ. ಹಂಚಿಕೆಯಾಗದೆ ಉಳಿದ ಲೈಸೆನ್ಸ್‌ಗಳನ್ನು ಎಲೆಕ್ಟ್ರಾನಿಕ್ ಹರಾಜಿನಲ್ಲಿ ಕೊಡುತ್ತೇವೆ ಎಂದು ಸರ್ಕಾರ 2025-26ರ ಬಜೆಟ್‌ನಲ್ಲಿ ಹೇಳಿತು. ಅದೇ ಬಜೆಟ್ ಅಬಕಾರಿಯಿಂದ 40,000 ಕೋಟಿ ರೂಪಾಯಿ ವರಮಾನದ ಗುರಿ ಇಟ್ಟುಕೊಂಡಿತ್ತು. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಅಂಗಡಿ ತೆರೆಯುವ ಉತ್ಸಾಹ ಎಲ್ಲಿಂದ ಬರುತ್ತದೆ, ಮುಚ್ಚಿಸುವ ಅರ್ಜಿ ಏಕೆ ನಿಧಾನಕ್ಕೆ ಚಲಿಸುತ್ತದೆ ಎಂಬುದಕ್ಕೆ ಇದೂ ಒಂದು ಕಾರಣ.

ಸ್ಥಳಾಂತರವಾಗಲಿ ಹೊಸದಾಗಲಿ, ಅರ್ಜಿ ಅಬಕಾರಿ ಇಲಾಖೆಗೆ ಹೋಗುತ್ತದೆ. ತಾಲ್ಲೂಕಿನ ಅಬಕಾರಿ ನಿರೀಕ್ಷಕರು ಜಾಗ ನೋಡಿ, ಸುತ್ತಲಿನ ಶಾಲೆ, ಗುಡಿ, ಆಸ್ಪತ್ರೆಗಳ ಅಂತರ ಅಳೆದು, ನಕ್ಷೆ ಸಮೇತ ವರದಿ ಕೊಡುತ್ತಾರೆ. ವರದಿ ತುಮಕೂರಿನ ಜಿಲ್ಲಾ ಅಬಕಾರಿ ಕಚೇರಿಗೆ, ಅಲ್ಲಿಂದ ಜಿಲ್ಲಾಧಿಕಾರಿಗಳ ಮುಂದೆ ಹೋಗುತ್ತದೆ. ಲೈಸೆನ್ಸಿನ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಪ್ರತಿ ವರ್ಷ ನವೀಕರಣವಾಗಬೇಕು. ಊರಿನವರ ಆಕ್ಷೇಪಣೆಗೆ ತೂಕ ಬರುವ ಹೊತ್ತು ಎರಡು: ಸ್ಥಳ ತನಿಖೆಗೆ ಮೊದಲು, ಮತ್ತು ಜೂನ್ ತಿಂಗಳಿಗೆ ಮೊದಲು. ಬಾಗಿಲು ತೆರೆದ ಮೇಲೆ ರಸ್ತೆಗಿಳಿದರೆ ಕೆಲಸ ದುಪ್ಪಟ್ಟಾಗುತ್ತದೆ.

ವ್ಯಾಪಾರ ಮಾಡುವುದು ಅವರ ಹಕ್ಕಲ್ಲವೇ ಎಂಬ ಅನುಮಾನ ಬರಬಹುದು. ಕಿರಾಣಿ ಅಂಗಡಿಗೆ ಇರುವ ಹಕ್ಕು ಮದ್ಯದಂಗಡಿಗೆ ಇಲ್ಲ. ನಮ್ಮ ರಾಜ್ಯದ್ದೇ ಆದ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ ಇದನ್ನು ಬಿಡಿಸಿ ಹೇಳಿದೆ. ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ. ಸರ್ಕಾರ ಷರತ್ತಿನ ಮೇಲೆ ಬಿಟ್ಟುಕೊಡುವ ಅವಕಾಶ ಅದು.

ಅಂತರ ಅಳೆಯುವುದು ಹೇಗೆ?

1967ರ ನಿಯಮದ ಪ್ರಕಾರ ಮದ್ಯದಂಗಡಿ ದೇವಸ್ಥಾನ, ಮಸೀದಿ, ಚರ್ಚುಗಳಂಥ ಧಾರ್ಮಿಕ ಸಂಸ್ಥೆ, ಶಾಲೆ ಕಾಲೇಜು, ಆಸ್ಪತ್ರೆ, ಸರ್ಕಾರಿ ಅಥವಾ ಸ್ಥಳೀಯ ಸಂಸ್ಥೆಯ ಕಚೇರಿ ಇವುಗಳಿಂದ 100 ಮೀಟರ್ ಒಳಗೆ ಇರಬಾರದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರೇ ಹೆಚ್ಚಾಗಿ ವಾಸಿಸುವ ಕೇರಿಗೂ ಇದೇ ರಕ್ಷಣೆ ಇದೆ. ಈ ಕೊನೆಯದನ್ನು ಜನ ಎತ್ತುವುದೇ ಕಡಿಮೆ. ಎತ್ತಬೇಕು, ಏಕೆಂದರೆ ಅಗ್ಗದ ಮದ್ಯ ಮೊದಲು ಹುಡುಕಿಕೊಂಡು ಹೋಗುವುದು ಕೂಲಿಕಾರರ ಕೇರಿಯನ್ನೇ.

ಅಳತೆಯಲ್ಲಿ ಒಂದು ಸೂಕ್ಷ್ಮ ಇದೆ. ನಕ್ಷೆಯ ಮೇಲೆ ಗೆರೆ ಎಳೆದು ಅಳೆಯುವುದಲ್ಲ. ಅಂಗಡಿ ಬಾಗಿಲಿನ ನಡುಮಧ್ಯದಿಂದ ಹೊರಟು, ಕಾಲ್ನಡಿಗೆಯ ಮನುಷ್ಯ ಸಾಮಾನ್ಯವಾಗಿ ಹೋಗುವ ಹತ್ತಿರದ ದಾರಿ ಹಿಡಿದು, ಶಾಲೆಯ ಹತ್ತಿರದ ಗೇಟಿನ ನಡುಮಧ್ಯಕ್ಕೆ ಅಳೆಯಬೇಕು. ಹಾಗಾಗಿ ಕಾಂಪೌಂಡ್ ಗೋಡೆ ಅಂಗಡಿಗೆ ಅಂಟಿಕೊಂಡಿದ್ದರೂ ಗೇಟು ಇನ್ನೊಂದು ಬೀದಿಗೆ ತೆರೆದಿದ್ದರೆ ಲೆಕ್ಕದಲ್ಲಿ ಅಂತರ 100 ಮೀಟರ್ ದಾಟಿಬಿಡಬಹುದು. ಹಾಗೆಯೇ, ನಮಗೆ ದೂರ ಕಂಡದ್ದು ಹಿತ್ತಿಲ ಗೇಟಿನಿಂದ ಅಳೆದರೆ ಹತ್ತಿರವೇ ಬರಬಹುದು. ಆದ್ದರಿಂದ ಗಲಾಟೆಗೆ ಮೊದಲು ಟೇಪು ಹಿಡಿಯಿರಿ. ಗದ್ದೆ ಅಳೆಯುವ 30 ಮೀಟರ್ ಟೇಪು ಊರಲ್ಲಿ ಯಾರ ಬಳಿಯಾದರೂ ಇರುತ್ತದೆ. ಶಾಲಾಭಿವೃದ್ಧಿ ಸಮಿತಿಯ ಇಬ್ಬರು, ಪಂಚಾಯಿತಿ ಸದಸ್ಯರೊಬ್ಬರು ಜೊತೆಗಿರಲಿ. ಪ್ರತಿ ತಿರುವಿನಲ್ಲಿ ಸುಣ್ಣದ ಗುರುತು ಹಾಕಿ ಫೋಟೊ ತೆಗೆಯಿರಿ. ದಿನಾಂಕ ಬರೆದು ಎಲ್ಲರೂ ಸಹಿ ಹಾಕಿ. ನೂರು ಜನರ ಸಹಿ ಇರುವ, ಅಳತೆ ಇಲ್ಲದ ಮನವಿಗಿಂತ ಅಳತೆ ಇರುವ ಈ ಒಂದು ಹಾಳೆ ಹೆಚ್ಚು ದೂರ ಹೋಗುತ್ತದೆ.

ಹೆದ್ದಾರಿಯದು ಬೇರೆ ಲೆಕ್ಕ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಾಟ ಬೇಡ ಎಂದಿತು. 2017ರ ಮಾರ್ಚ್ 31ರಂದು, ಜನಸಂಖ್ಯೆ 20,000 ಮೀರದ ಸ್ಥಳೀಯ ಸಂಸ್ಥೆಗಳಲ್ಲಿ ಈ ಅಂತರ 220 ಮೀಟರ್ ಸಾಕು ಎಂದು ಸಡಿಲಿಸಿತು. ಅದೇ ವರ್ಷ ಜುಲೈನಲ್ಲಿ ನಗರಸಭೆ, ಪುರಸಭೆಗಳ ವ್ಯಾಪ್ತಿಗೆ ಈ ಆದೇಶ ಅಡ್ಡಿಯಲ್ಲ ಎಂದು ಸ್ಪಷ್ಟಪಡಿಸಿತು. ನಮಗೆ ಇದರ ಅರ್ಥ ಇಷ್ಟು: ಪಾವಗಡ, ಮಧುಗಿರಿಗಳಂಥ ಪುರಸಭೆ ಊರಲ್ಲಿ ಒಂದು ಲೆಕ್ಕ, ಗ್ರಾಮ ಪಂಚಾಯಿತಿ ಇರುವ ಹೋಬಳಿ ಊರಲ್ಲಿ ಇನ್ನೊಂದು ಲೆಕ್ಕ. ನಿಮ್ಮೂರ ಮುಂದಿನ ರಸ್ತೆ ರಾಜ್ಯ ಹೆದ್ದಾರಿಯೋ ಜಿಲ್ಲಾ ರಸ್ತೆಯೋ ಎಂದು ಲೋಕೋಪಯೋಗಿ ಇಲಾಖೆಯಲ್ಲಿ ಕೇಳಿ ತಿಳಿದುಕೊಂಡೇ ಅರ್ಜಿ ಬರೆಯಿರಿ.

ಹೊತ್ತು, ವಯಸ್ಸು, ದರ

ವೈನ್ ಶಾಪ್ ರಾತ್ರಿ 10.30ಕ್ಕೆ ಮುಚ್ಚಬೇಕು, ಬಾರ್ 11.30ಕ್ಕೆ. ಬೆಂಗಳೂರಿನ ಬಾರ್‌ಗಳಿಗೆ ರಾತ್ರಿ 1ರವರೆಗೆ ಅವಕಾಶ ಇದೆ. ಅಲ್ಲಿಂದ ರಜೆಗೆ ಬಂದ ಹುಡುಗರು ಅದೇ ಎಲ್ಲ ಕಡೆ ಎಂದುಕೊಂಡಿರುತ್ತಾರೆ. ಬೆಳಿಗ್ಗೆ ಆರಕ್ಕೇ ಹಿಂಬಾಗಿಲಲ್ಲಿ ಕ್ವಾರ್ಟರ್ ಸಿಗುತ್ತದೆ ಎಂದಾದರೆ ಅದು ನೇರ ದೂರು ಕೊಡಬಹುದಾದ ವಿಷಯ. ಕೂಲಿಗೆ ಹೊರಟವರು ಕೆಲಸಕ್ಕೆ ಮುಂಚೆಯೇ ಕೈ ಖಾಲಿ ಮಾಡಿಕೊಳ್ಳುವುದು ಈ ಹಿಂಬಾಗಿಲ ಹೊತ್ತಿನಲ್ಲೇ. ನನ್ನ ದೃಷ್ಟಿಯಲ್ಲಿ ರಾತ್ರಿ ಅರ್ಧ ಗಂಟೆ ತಡವಾಗಿ ಮುಚ್ಚುವುದಕ್ಕಿಂತ ಬೆಳಗಿನ ಈ ಮಾರಾಟ ಹೆಚ್ಚು ಮನೆ ಹಾಳು ಮಾಡುತ್ತದೆ.

ಮದ್ಯವಿಲ್ಲದ ದಿನಗಳೂ ಇವೆ. ಗಾಂಧಿ ಜಯಂತಿಯಂದು ಅಂಗಡಿ ಮುಚ್ಚಿರುತ್ತದೆ. ಚುನಾವಣೆಯಲ್ಲಿ ಮತದಾನ ಮುಗಿಯುವುದಕ್ಕೆ 48 ಗಂಟೆ ಮೊದಲಿನಿಂದ ಮುಚ್ಚಬೇಕು. ಜಾತ್ರೆ, ಗಣೇಶ ವಿಸರ್ಜನೆ ಮುಂತಾದ ಸಂದರ್ಭದಲ್ಲಿ ಶಾಂತಿ ಕಾಪಾಡಲು ತಾತ್ಕಾಲಿಕವಾಗಿ ಮುಚ್ಚಿಸುವ ಅಧಿಕಾರ ಜಿಲ್ಲಾಡಳಿತಕ್ಕಿದೆ. ನಿಮ್ಮೂರ ಜಾತ್ರೆಗೆ ಇದು ಬೇಕೆಂದರೆ ಮೊದಲೇ ಠಾಣೆಗೂ ತಹಶೀಲ್ದಾರರಿಗೂ ಬರವಣಿಗೆಯಲ್ಲಿ ಕೇಳಿ.

ವಯಸ್ಸು 21. ಇದನ್ನು 18ಕ್ಕೆ ಇಳಿಸುವ ಪ್ರಸ್ತಾಪವನ್ನು ಸರ್ಕಾರ 2023ರ ಜನವರಿಯಲ್ಲಿ ಮುಂದಿಟ್ಟು, ವಿರೋಧ ಬಂದ ಮೇಲೆ ಹಿಂತೆಗೆದುಕೊಂಡಿತು. ಪಿಯುಸಿ, ಐಟಿಐ ಹುಡುಗರಿಗೆ ಬಾಟಲಿ ಕೊಟ್ಟರೆ ತಪ್ಪು ಅಂಗಡಿಯವರದು. ಅಪ್ಪ ಮಗನನ್ನೇ ಅಂಗಡಿಗೆ ಓಡಿಸಿದ್ದರೂ ಕೊಡುವಂತಿಲ್ಲ.

ಇನ್ನು ದರ. ರಾಜ್ಯದಲ್ಲಿ ಮಾರಾಟವಾಗುವ ಮದ್ಯ 2003ರಿಂದ ಕೆಎಸ್‌ಬಿಸಿಎಲ್ ಎಂಬ ಸರ್ಕಾರಿ ಪಾನೀಯ ನಿಗಮದ ಡಿಪೋ ಮೂಲಕವೇ ಅಂಗಡಿಗೆ ಹೋಗುತ್ತದೆ. ಬೆಲೆಯ ಬಹುಭಾಗ ತೆರಿಗೆ. 2023ರ ಜುಲೈ ಬಜೆಟ್ ಒಂದರಲ್ಲೇ ಹೆಚ್ಚುವರಿ ಅಬಕಾರಿ ಸುಂಕ ಶೇ 20ರಷ್ಟು ಏರಿತು, ಬಿಯರ್ ಮೇಲಿನ ಸುಂಕ ಶೇ 175ರಿಂದ 185ಕ್ಕೆ ಹೋಯಿತು. ಆಮೇಲೆಯೂ ಬಿಯರ್ ಸುಂಕ ಏರಿದೆ. ಇಷ್ಟು ತೆರಿಗೆ ಕೊಟ್ಟ ಮೇಲೂ ಕೌಂಟರಿನಲ್ಲಿ ಬಾಟಲಿಗೆ ಹತ್ತು ಇಪ್ಪತ್ತು ರೂಪಾಯಿ ಸೇರಿಸಿ ಕೇಳುತ್ತಾರೆ. ಚಿಲ್ಲರೆ ಇಲ್ಲ, ಕೂಲಿಂಗ್ ಚಾರ್ಜ್, ಮೇಲಿನವರಿಗೆ ಕೊಡಬೇಕು, ಹೀಗೆ ಕಾರಣ ಹೇಳುತ್ತಾರೆ. ವೈನ್ ಶಾಪ್, ಎಂಎಸ್‌ಐಎಲ್‌ಗಳಲ್ಲಿ ಇವ್ಯಾವುದಕ್ಕೂ ಆಧಾರವಿಲ್ಲ. ಫೋನ್‌ಪೇ, ಗೂಗಲ್‌ಪೇಯಲ್ಲಿ ಹಣ ಕೊಡಿ, ಬಿಲ್ ಕೇಳಿ. ಬಿಲ್ ಕೊಡದಿದ್ದರೂ ಫೋನಿನಲ್ಲಿ ಮೊತ್ತ ಉಳಿಯುತ್ತದೆ. ಬಾಟಲಿಯ ಎಂಆರ್‌ಪಿ ಫೋಟೊ ಜೊತೆ ಅದನ್ನು ಅಬಕಾರಿ ನಿರೀಕ್ಷಕರಿಗೆ ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಬಹುದು. ಕುಡಿಯುವವನಿಗೆ ಏನು ಗ್ರಾಹಕ ಹಕ್ಕು ಎಂದು ಮೂಗು ಮುರಿಯುವವರಿದ್ದಾರೆ. ಆ ಹತ್ತಿಪ್ಪತ್ತು ರೂಪಾಯಿ ಹೋಗುವುದು ಮಕ್ಕಳ ಹಾಲಿನ ದುಡ್ಡಿನಿಂದ. ಹಾಗಾಗಿ ಇದು ಇಡೀ ಮನೆಯ ವಿಷಯ.

ಗಡಿಯ ಬಾಟಲಿ, ಚಿಲ್ಲರೆ ಅಂಗಡಿಯ ಪ್ಯಾಕೆಟ್

ಪಾವಗಡ ತಾಲ್ಲೂಕಿನ ಮಟ್ಟಿಗೆ ಗಡಿಯ ವಿಷಯ ಬಿಡುವಂತಿಲ್ಲ. ವೈ.ಎನ್.ಹೊಸಕೋಟೆಯಿಂದ ಕಲ್ಯಾಣದುರ್ಗದ ಕಡೆ ಸ್ವಲ್ಪ ದೂರ ಹೋದರೆ ರಾಜ್ಯವೇ ಬದಲಾಗುತ್ತದೆ, ಮಾತು ಬದಲಾಗುವುದಿಲ್ಲ, ನೆಂಟಸ್ತಿಕೆಯೂ ಬದಲಾಗುವುದಿಲ್ಲ. ಆದರೆ ಮದ್ಯದ ಕಾನೂನು ಆ ಗೆರೆಯ ಮೇಲೆ ಕಡಿದು ಎರಡಾಗುತ್ತದೆ. ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಶುರು ಮಾಡಿದ ಸಾರಾಯಿ ವಿರೋಧಿ ಹೋರಾಟದ ಬಿಸಿಗೆ ಆಂಧ್ರದಲ್ಲಿ 1995ರ ಜನವರಿಯಲ್ಲಿ ಸಂಪೂರ್ಣ ಪಾನನಿಷೇಧ ಬಂತು. 1997ರಲ್ಲಿ ಹೋಯಿತು. 2019ರ ಅಕ್ಟೋಬರ್‌ನಿಂದ ಅಲ್ಲಿ ಸರ್ಕಾರವೇ ಅಂಗಡಿ ನಡೆಸಿತು, ದರ ಏರಿಸಿತು, ಅಂಗಡಿ ಕಡಿಮೆ ಮಾಡಿತು. ಆ ವರ್ಷಗಳಲ್ಲಿ ಕರ್ನಾಟಕದ ಪ್ಯಾಕೆಟ್‌ಗಳು ಗಡಿ ದಾಟಿ ಸಿಕ್ಕಿಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇತ್ತು. 2024ರ ಅಕ್ಟೋಬರ್ 16ರಿಂದ ಅಲ್ಲಿ ಮತ್ತೆ ಖಾಸಗಿ ಅಂಗಡಿಗಳು, 99 ರೂಪಾಯಿಯ ಕ್ವಾರ್ಟರ್. ಆ ಕಡೆ ದರ ಏರಿದಾಗ ಸರಕು ಈ ಕಡೆಯಿಂದ ಹರಿಯುತ್ತದೆ, ಇಳಿದಾಗ ಆ ಕಡೆಯಿಂದ.

ಕರ್ನಾಟಕದ ಬಾಟಲಿಯ ಮೇಲೆ ಈ ರಾಜ್ಯದಲ್ಲಿ ಮಾತ್ರ ಮಾರಾಟಕ್ಕೆ ಎಂಬ ಸಾಲು ಇರುತ್ತದೆ. ಮುಚ್ಚಳದ ಮೇಲೆ ಅಬಕಾರಿ ಇಲಾಖೆಯ ಅಂಟುಚೀಟಿ ಇರುತ್ತದೆ. ಚೀಟಿ ಇಲ್ಲದ, ಹರಿದ, ಮತ್ತೆ ಅಂಟಿಸಿದ ಹಾಗೆ ಕಾಣುವ ಬಾಟಲಿಯನ್ನು ಮುಟ್ಟಬೇಡಿ. ಒಳಗೇನಿದೆ ಎಂಬುದಕ್ಕೆ ಯಾರೂ ಹೊಣೆಯಲ್ಲ. ನೆಂಟರ ಊರಿಂದ ಬರುವಾಗ ಬೈಕಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಬಂದರೂ ಅದು ಅಕ್ರಮ ಸಾಗಾಟವೇ ಆಗಬಹುದು, ಗಾಡಿಯೂ ಜಪ್ತಿಯಾಗುತ್ತದೆ.

ಹಳ್ಳಿಗಳ ದೊಡ್ಡ ತೊಂದರೆ ಮಾತ್ರ ಬಾರ್‌ನದಲ್ಲ. ಅದು ಚಿಲ್ಲರೆ ಅಂಗಡಿಯಲ್ಲಿ, ಹೋಟೆಲಿನಲ್ಲಿ, ಮನೆಯ ಅಟ್ಟದಲ್ಲಿ ಇಟ್ಟು ಮಾರುವ ಪ್ಯಾಕೆಟ್. ಹೋಬಳಿ ಊರಿನ ವೈನ್ ಶಾಪಿನಿಂದ ಬಾಕ್ಸ್‌ಗಟ್ಟಲೆ ತಂದು, ಒಂದಕ್ಕೆ ಹತ್ತಿಪ್ಪತ್ತು ಸೇರಿಸಿ, ಸಾಲಕ್ಕೂ ಕೊಡುತ್ತಾರೆ. ಸಾಲಕ್ಕೆ ಸಿಗುವ ಮದ್ಯಕ್ಕೆ ತಡೆಯೇ ಇಲ್ಲ. ಒಬ್ಬ ಮನುಷ್ಯ ತನ್ನ ಬಳಿ ಇಟ್ಟುಕೊಳ್ಳಬಹುದಾದ ಭಾರತೀಯ ಮದ್ಯದ ಮಿತಿ 2.3 ಲೀಟರ್. ಅಂದರೆ 180ರ ಹನ್ನೆರಡು ಪ್ಯಾಕೆಟ್, 90ರದ್ದಾದರೆ ಇಪ್ಪತ್ತೈದು. ಅದಕ್ಕಿಂತ ಹೆಚ್ಚು ಸಿಕ್ಕರೆ ಕೇಸು. ಎಷ್ಟೇ ಕಡಿಮೆ ಇರಲಿ, ಲೈಸೆನ್ಸ್ ಇಲ್ಲದೆ ಮಾರಿದರೆ ಕೇಸು. ಬಸ್ ಸ್ಟ್ಯಾಂಡ್, ಶಾಲೆಯ ಜಗಲಿ, ಕೆರೆ ಏರಿಯಂಥ ಸಾರ್ವಜನಿಕ ಜಾಗದಲ್ಲಿ ಕುಡಿಯುವುದನ್ನು ಕಾಯ್ದೆಯ 15-ಎ ಕಲಂ ನಿಷೇಧಿಸುತ್ತದೆ.

ಊರಿನವರ ಕೈಯಲ್ಲಿ ಏನಿದೆ?

ಮಹಾರಾಷ್ಟ್ರದಲ್ಲಿ ಊರಿನ ಮಹಿಳಾ ಮತದಾರರು ಮತ ಹಾಕಿ ಅಂಗಡಿ ಮುಚ್ಚಿಸುವ ವ್ಯವಸ್ಥೆ ಇದೆ. ಅರ್ಧಕ್ಕಿಂತ ಹೆಚ್ಚು ಮಹಿಳೆಯರು ಬೇಡವೆಂದರೆ ಬಾಗಿಲು ಹಾಕಬೇಕು. ನಮ್ಮಲ್ಲಿ ಊರಿನವರ ಕೈಗೆ ಅಷ್ಟು ಅಧಿಕಾರ ಬಂದಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಆ ನಡಿಗೆಗೆ ಸಿಗಬೇಕಾದ ಉತ್ತರ ಸಿಕ್ಕಿಲ್ಲ ಎಂಬುದು ನನ್ನ ಅನಿಸಿಕೆ. ಕನಿಷ್ಠ ಗ್ರಾಮಸಭೆಯ ಒಪ್ಪಿಗೆ ಇಲ್ಲದೆ ಅಂಗಡಿ ತೆರೆಯಬಾರದು ಎಂಬ ನಿಯಮವಾದರೂ ಬರಲೇಬೇಕು.

ಅದು ಬರುವವರೆಗೆ ಇರುವ ದಾರಿ ಹೀಗಿದೆ. ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿ. ಅದು ಜಿಲ್ಲಾಧಿಕಾರಿಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ಕಡತದಲ್ಲಿ ಸೇರುತ್ತದೆ, ಮುಂದೆ ಮೇಲ್ಮನವಿಯಲ್ಲಿ ಓದಲ್ಪಡುತ್ತದೆ. ಜೊತೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಬಾರ್ ಬಗ್ಗೆ ಎಲ್ಲ ಮಾಹಿತಿ ಕೊಡಿ ಎಂದು ಬರೆದರೆ ಕೈಗೆ ಏನೂ ಬರುವುದಿಲ್ಲ. ಹೀಗೆ ಕೇಳಿ: ಇಂಥ ಸರ್ವೆ ನಂಬರ್ ಅಥವಾ ಖಾತೆ ನಂಬರಿನ ಕಟ್ಟಡದಲ್ಲಿರುವ ಅಂಗಡಿಯ ಚಾಲ್ತಿ ಲೈಸೆನ್ಸಿನ ಪ್ರತಿ, ಸ್ಥಳ ತನಿಖಾ ವರದಿಯ ಪ್ರತಿ, ಅಂತರ ತೋರಿಸುವ ನಕ್ಷೆಯ ಪ್ರತಿ, ಕಳೆದ ವರ್ಷ ದಾಖಲಾದ ಪ್ರಕರಣಗಳ ಪಟ್ಟಿ. ನಕ್ಷೆ ಬಂದ ಮೇಲೆ ನಿಮ್ಮ ಅಳತೆಯ ಹಾಳೆಯ ಪಕ್ಕ ಇಟ್ಟು ನೋಡಿ. ವ್ಯತ್ಯಾಸ ಕಂಡರೆ ಜಿಲ್ಲಾಧಿಕಾರಿಗಳಿಗೆ ಬರೆಯಿರಿ. ಲೈಸೆನ್ಸ್ ಯಾರ ಹೆಸರಲ್ಲಿದೆ, ನಡೆಸುವವರು ಯಾರು ಎಂಬುದನ್ನೂ ನೋಡಿ. ಲೈಸೆನ್ಸನ್ನು ಒಳಗುತ್ತಿಗೆಗೆ ಕೊಡುವಂತಿಲ್ಲ. ಜಿಲ್ಲಾ ಮಟ್ಟದ ಆದೇಶದ ಮೇಲೆ ಅಬಕಾರಿ ಆಯುಕ್ತರಿಗೆ, ಅಲ್ಲಿಂದ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು.

ಕ್ವಾರ್ಟರ್ ದೇಹದಲ್ಲಿ ಏನು ಮಾಡುತ್ತದೆ?

ಕುಡಿಯುವವರಿಗೂ ಈ ಲೆಕ್ಕ ಯಾರೂ ಹೇಳಿಕೊಟ್ಟಿರುವುದಿಲ್ಲ. ಬಾಟಲಿಯ ಮೇಲೆ 42.8 ಎಂದಿರುತ್ತದೆ. ನೂರು ಮಿಲಿಲೀಟರಿನಲ್ಲಿ ಅಷ್ಟು ಮಿಲಿಲೀಟರ್ ಶುದ್ಧ ಆಲ್ಕೋಹಾಲ್ ಎಂದು ಅರ್ಥ. 30 ಮಿಲಿಯ ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ವೈದ್ಯರು ಇದನ್ನು ಒಂದು ಡ್ರಿಂಕ್ ಎಂದು ಎಣಿಸುತ್ತಾರೆ. ಕ್ವಾರ್ಟರ್ ಎಂದರೆ ಆರು ಡ್ರಿಂಕ್. 650 ಮಿಲಿಯ ಸ್ಟ್ರಾಂಗ್ ಬಿಯರ್ ಬಾಟಲಿ ಸುಮಾರು ನಾಲ್ಕು. ಬಿಯರ್ ಏನೂ ಅಲ್ಲ ಎನ್ನುವ ಮಾತು ಇಲ್ಲಿಗೇ ಮುಗಿಯಿತು.

ಲಿವರ್‌ಗೆ ಒಂದು ಡ್ರಿಂಕ್ ಕರಗಿಸಲು ಸುಮಾರು ಒಂದು ಗಂಟೆ ಬೇಕು. ಮಜ್ಜಿಗೆ ಕುಡಿದರೂ, ತಲೆಗೆ ನೀರು ಸುರಿದರೂ, ಕಾಫಿ ಕುಡಿದರೂ ಈ ವೇಗ ಹೆಚ್ಚುವುದಿಲ್ಲ. ರಾತ್ರಿ 11ಕ್ಕೆ ಕ್ವಾರ್ಟರ್ ಮುಗಿಸಿದವರ ರಕ್ತ ತಿಳಿಯಾಗುವುದು ಬೆಳಗಿನ ಐದರ ಸುಮಾರಿಗೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದು ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ ಮೊದಲ ಸಲ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಬೈಕಿಗೂ ಟ್ರ್ಯಾಕ್ಟರಿಗೂ ಇದೇ ಕಾನೂನು. ಗಡಿ ರಸ್ತೆಗಳಲ್ಲಿ ರಾತ್ರಿ ದೀಪವಿಲ್ಲದ ಟ್ರೇಲರ್ ನಿಂತಿರುತ್ತದೆ ಎಂಬುದನ್ನು ನಮ್ಮ ಕಡೆಯವರಿಗೆ ಬೇರೆ ಹೇಳಬೇಕಿಲ್ಲ.

ಬಿಡಬೇಕು ಎನ್ನುವವರಿಗೆ

ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹೋಗುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನದ ಹೊತ್ತಿಗೆ ಏನೇನೋ ಕಾಣುವುದು, ಇಲ್ಲದವರ ಜೊತೆ ಮಾತಾಡುವುದು ಶುರುವಾದರೆ ಅದು ಪ್ರಾಣಕ್ಕೇ ಅಪಾಯ. ಗಾಳಿ ಸೋಕಿದೆ ಎಂದು ಕಟ್ಟಿಹಾಕಬೇಡಿ, ಕೋಣೆಗೆ ಕೂಡಿ ಬೀಗ ಹಾಕಬೇಡಿ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಔಷಧ ಕೊಟ್ಟು ಕೆಲವೇ ದಿನಗಳಲ್ಲಿ ಇದನ್ನು ಸುರಕ್ಷಿತವಾಗಿ ದಾಟಿಸುತ್ತಾರೆ. ಗುಟ್ಟಾಗಿ ಊಟದಲ್ಲಿ ಬೆರೆಸುವ ಪುಡಿಗಳ ಜಾಹೀರಾತಿಗೆ ಮರುಳಾಗಬೇಡಿ. ಕೆಲವು ಮಾತ್ರೆಗಳ ಮೇಲೆ ಮದ್ಯ ಬಿದ್ದರೆ ಹೃದಯಕ್ಕೇ ಪೆಟ್ಟು.

ಸಹಾಯ ದೂರವಿಲ್ಲ. ಮನೋಚೈತನ್ಯ ಎಂಬ ಸರ್ಕಾರಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಇರುತ್ತದೆ. ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಟೆಲಿಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕನ್ನಡದಲ್ಲೇ, ಖರ್ಚಿಲ್ಲದೆ ಮಾತಾಡಬಹುದು. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಪ್ರತ್ಯೇಕ ವಿಭಾಗ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆಯ ಮೂಲಕ ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರದ ಒಂದು ಗುಣ ನನಗೆ ಹಿಡಿಸುತ್ತದೆ: ಮುಗಿದ ಮೇಲೆ ಬಿಟ್ಟವರನ್ನು ನವಜೀವನ ಸಮಿತಿ ಎಂದು ಒಟ್ಟುಗೂಡಿಸಿ ಮತ್ತೆ ಮತ್ತೆ ಭೇಟಿ ಮಾಡಿಸುತ್ತಾರೆ. ಬಿಟ್ಟ ಮೇಲಿನ ತಿಂಗಳುಗಳೇ ಕಷ್ಟದವು, ಆಗ ಜೊತೆ ಬೇಕು.

ಕುಡಿದು ಬಂದು ಮನೆಯಲ್ಲಿ ಹೊಡೆಯುತ್ತಿದ್ದರೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಆಸ್ಪತ್ರೆಗೆ ಹೋಗುವಾಗ ಆಧಾರ್, ಪಡಿತರ ಚೀಟಿ, ಹಳೆಯ ಮಾತ್ರೆಗಳ ಚೀಟಿ ಇಟ್ಟುಕೊಳ್ಳಿ. ದಿನಕ್ಕೆ ಎಷ್ಟು ಕುಡಿಯುತ್ತಾರೆ, ಕೊನೆಯ ಸಲ ಕುಡಿದದ್ದು ಯಾವಾಗ, ಹಿಂದೆ ಫಿಟ್ಸ್ ಬಂದಿತ್ತೇ ಎಂದು ವೈದ್ಯರು ಮೊದಲು ಕೇಳುತ್ತಾರೆ. ಅವಮಾನವೆಂದು ಕಡಿಮೆ ಹೇಳಬೇಡಿ, ಔಷಧದ ಪ್ರಮಾಣ ಆ ಉತ್ತರದ ಮೇಲೆಯೇ ನಿರ್ಧಾರವಾಗುತ್ತದೆ.